ಮಕ್ಕಳಿಗೊಮ್ಮೆ ಬೆಂಗಳೂರನ್ನು ತೋರಿಸೋಣ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೇ ಬಂದು ಕೇಳಿದರು. ನಾನು ಶಾಲೆಯ ಇತಿಹಾಸವನ್ನು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಇತಿಹಾಸ ಬರೆಯಲು ನನಗಿಂತ ಯೋಗ್ಯರಾದವರು ಇದ್ದಾರೆ. ಹಾಜರಿ ಪುಸ್ತಕಗಳೂ ಠರಾವು ಪುಸ್ತಕಗಳೂ ಅವರ ವಶದಲ್ಲಿವೆ. ನನಗೀಗ ಎಪ್ಪತ್ತಾರು. ಕಳೆದುಹೋದ ಕಾಲವನ್ನು ಹೊಗಳಿ ನಾಲ್ಕು ಪುಟ ತುಂಬಿಸುವುದು ಈ ವಯಸ್ಸಿನವರಿಗೆ ಕಷ್ಟವಲ್ಲ. ಆದರೆ ಮನಸ್ಸಿನಲ್ಲಿ ಬಹುದಿನಗಳಿಂದ ಕುಳಿತಿರುವ ಒಂದು ಮಾತನ್ನು, ಕೆಲವರಿಗೆ ಅದು ರುಚಿಸದಿದ್ದರೂ, ಈ ಸಂದರ್ಭದಲ್ಲಿ ಹೇಳದೆ ಮತ್ತೆ ಯಾವಾಗ ಹೇಳಲಿ?

ಮಾತು ಇಷ್ಟೇ. ಮಹೋತ್ಸವದ ನಿಧಿಯಿಂದ ಶಾಲೆಯ ಮುಂಭಾಗದಲ್ಲಿ ಒಂದು ಭವ್ಯವಾದ ಸ್ವಾಗತ ಕಮಾನನ್ನು ಕಟ್ಟಿಸಬೇಕೆಂದು ಸಮಿತಿಯವರು ಯೋಚಿಸಿದ್ದಾರೆ. ಅವರ ಉತ್ಸಾಹವನ್ನು ನಾನು ಗೌರವಿಸುತ್ತೇನೆ. ಆದರೂ ನನ್ನ ವಿನಂತಿ ಬೇರೆ. ಆ ಹಣವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿ ಇಟ್ಟು, ಅದರ ಬಡ್ಡಿಯಿಂದ ಪ್ರತಿ ವರ್ಷ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದು ತೋರಿಸಿ ತರಬೇಕು. ಎಂಟನೆಯ ಇಯತ್ತೆಯವರನ್ನಲ್ಲ, ಹತ್ತನೆಯವರನ್ನಲ್ಲ, ನಾಲ್ಕನೆಯವರನ್ನು. ಒಂಬತ್ತು ಹತ್ತು ವರ್ಷದ ಕೂಸುಗಳನ್ನು ಅಷ್ಟು ದೊಡ್ಡ ನಗರಕ್ಕೆ ಒಯ್ಯುವುದೇ ಎಂದು ನೀವು ಹುಬ್ಬೇರಿಸುವ ಮೊದಲು ನನ್ನ ಕಾರಣಗಳನ್ನು ಕೇಳಿರಿ.

ನಾನು ರೋಣ ತಾಲೂಕಿನ ಒಂದು ಹಳ್ಳಿಯವನು. ಕನ್ನಡ ಮಾಧ್ಯಮದಲ್ಲಿ ಓದಿ 1966ರಲ್ಲಿ ಮ್ಯಾಟ್ರಿಕ್ ತೇರ್ಗಡೆಯಾದೆ. ಆ ವರೆಗೆ ನಾನು ಕಂಡ ಅತಿ ದೊಡ್ಡ ಊರೆಂದರೆ ಗದಗು. 1970ರಲ್ಲಿ ಬೆಂಗಳೂರಿನ ಒಂದು ಕಚೇರಿಯಿಂದ ಗುಮಾಸ್ತೆಯ ಕೆಲಸಕ್ಕೆ ಸಂದರ್ಶನದ ಪತ್ರ ಬಂದಿತು. ತಂದೆಯವರು ಸಾಲ ಮಾಡಿ ಹಣ ಕೊಟ್ಟರು. ಬೆಂಗಳೂರಿನಲ್ಲಿ ಇಳಿದೆ. ಕಚೇರಿಯನ್ನೂ ಹುಡುಕಿದೆ. ಆದರೆ ಆ ಕಟ್ಟಡದ ಮೆಟ್ಟಿಲ ಬಳಿ, ಬೂಟು ತೊಟ್ಟು ಇಂಗ್ಲಿಷಿನಲ್ಲಿ ಮಾತನಾಡುತ್ತ ಒಳಗೆ ಹೋಗುತ್ತಿದ್ದ ನನ್ನದೇ ವಯಸ್ಸಿನ ಯುವಕರನ್ನು ನೋಡುತ್ತ ಒಂದು ತಾಸು ನಿಂತೆ. ಕಾವಲುಗಾರನೊಬ್ಬ ಏನು ಬೇಕೆಂದು ಕೇಳಿದ. ಏನೂ ಇಲ್ಲವೆಂದು ಹೇಳಿ ಹಿಂತಿರುಗಿ ನಡೆದೆ. ಸಂದರ್ಶನ ಚೆನ್ನಾಗಿ ಆಯಿತೆಂದು ತಂದೆಯವರಿಗೆ ಸುಳ್ಳು ಹೇಳಿದೆ. ಅವರು ತೀರಿಕೊಳ್ಳುವವರೆಗೂ ನಿಜ ಹೇಳಲಿಲ್ಲ. ಆ ಕೆಲಸ ತಪ್ಪಿದ್ದರ ಬಗ್ಗೆ ನನಗೆ ಇಂದು ದುಃಖವಿಲ್ಲ. ತಪ್ಪದಿದ್ದರೆ ಕುಂಕಳ್ಳಿಗೂ ಈ ಶಾಲೆಗೂ ನಾನು ಬರುತ್ತಿರಲಿಲ್ಲ. ಆದರೆ ಅದು ತಪ್ಪಿದ್ದು ನನ್ನ ಅಯೋಗ್ಯತೆಯಿಂದಲ್ಲ, ಪಟ್ಟಣದ ಅಂಜಿಕೆಯಿಂದ. ಇಪ್ಪತ್ತೊಂದರಲ್ಲಿ ಮೊದಲ ಬಾರಿ ಕಂಡ ನಗರ ಹೆದರಿಸುತ್ತದೆ. ಒಂಬತ್ತರಲ್ಲಿ ಕಂಡದ್ದು ಹೆದರಿಸುವುದಿಲ್ಲ, ಬೆರಗುಗೊಳಿಸುತ್ತದೆ.

ನಮ್ಮ ಶಾಲೆಯ ಮಕ್ಕಳು ಯಾರ ಮಕ್ಕಳೆಂಬುದನ್ನು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ. ಬಾಗಲಕೋಟೆ, ಗದಗು, ಕೊಪ್ಪಳ, ವಿಜಯಪುರ, ಹಾವೇರಿಗಳಿಂದ ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ, ಕುಂಕಳ್ಳಿಯ ಕೈಗಾರಿಕಾ ವಸಾಹತಿನ ಕಾರ್ಖಾನೆಗಳಿಗೆ ಬಂದವರ ಮಕ್ಕಳು. ಸಂತೆಯಲ್ಲಿ ತರಕಾರಿ ಮಾರುವವರ ಮಕ್ಕಳು. ಈ ನೆಲ ನಮಗೆ ಅನ್ನ ಕೊಟ್ಟಿದೆ. ನಮ್ಮ ಕೊಂಕಣಿ ನೆರೆಯವರು ಎಷ್ಟೋ ಸಲ ನಮ್ಮ ಶಾಲೆಯ ಬೆನ್ನಿಗೆ ನಿಂತಿದ್ದಾರೆ. ಆ ಋಣವನ್ನು ನಾನು ಮರೆಯುವವನಲ್ಲ. ಹಾಗಿದ್ದರೂ ಬೀದಿಯಲ್ಲಿ ನಮ್ಮ ಮಕ್ಕಳ ಕಿವಿಗೆ 'ಘಾಂಟಿ' ಎಂಬ ಶಬ್ದ ಬೀಳುವುದುಂಟು. ಕನ್ನಡವೆಂದರೆ ಗುಡಿಸಲಿನಲ್ಲಿಯೂ ಗಾರೆಯ ಬುಟ್ಟಿಯ ಬಳಿಯೂ ಆಡುವ ಭಾಷೆ, ನಾಲ್ಕು ಜನರೆದುರು ಮೆಲ್ಲಗೆ ಆಡಬೇಕಾದ ಭಾಷೆ ಎಂಬ ಭಾವನೆ ಯಾರೂ ಕಲಿಸದೆಯೇ ಅವರಲ್ಲಿ ಬೇರೂರುತ್ತದೆ. ಪಠ್ಯಪುಸ್ತಕದಲ್ಲಿ ನಾವು ಎಷ್ಟೇ ಹಿರಿಮೆ ಹೇಳಿದರೂ ಮಗು ತನ್ನ ಕಣ್ಣನ್ನೇ ನಂಬುತ್ತದೆ.

ಇದನ್ನು ನನಗೆ ಕಲಿಸಿದ್ದು 1986ರ ಜನವರಿಯ ನಮ್ಮ ಮೊದಲ ಬೆಂಗಳೂರು ಪ್ರವಾಸ. ಇಪ್ಪತ್ತೆಂಟು ಮಕ್ಕಳು, ಮೂವರು ಶಿಕ್ಷಕರು. ಆಗಿನ್ನೂ ಕೊಂಕಣ ರೈಲ್ವೆ ಇರಲಿಲ್ಲ. ಅದು ಪೂರ್ಣವಾಗಿ ತೆರೆದದ್ದು 1998ರಲ್ಲಿ. ಮಡಗಾಂವಿನಿಂದ ಘಟ್ಟ ಹತ್ತುವ ಮೀಟರ್ ಗೇಜ್ ಗಾಡಿಯಲ್ಲಿ ಬೆಳಗ್ಗೆ ಹೊರಟು, ಲೋಂಡಾದಲ್ಲಿ ಗಾಡಿ ಬದಲಿಸಿ ಹೋಗಬೇಕಾಗಿತ್ತು. ಕುಳೆಂ ದಾಟಿದ ಮೇಲೆ ದೂಧಸಾಗರದ ಬಿಳಿಯ ಧಾರೆಯನ್ನು ಕಂಡು ಮಕ್ಕಳು ಕೂಗಾಡಿದರು. ಅದು ಎಲ್ಲ ಮಕ್ಕಳೂ ಮಾಡುವಂಥದು. ನಾನು ಮರೆಯಲಾರದ್ದು ಅದರ ಮುಂದಿನದು. ಸುರಂಗಗಳನ್ನು ದಾಟಿ ಗಾಡಿ ಕ್ಯಾಸಲ್ ರಾಕ್ ನಿಲ್ದಾಣದಲ್ಲಿ ನಿಂತಿತು. 1961ಕ್ಕೆ ಮೊದಲು ಪೋರ್ತುಗೀಜರ ಸೀಮೆ ಮುಗಿದು ಭಾರತ ಆರಂಭವಾಗುತ್ತಿದ್ದ ಗಡಿ ಠಾಣೆಯದು. ಕಿಟಕಿಯಿಂದ ತಲೆ ಹೊರಹಾಕಿದ್ದ ಒಬ್ಬ ಹುಡುಗ ಒಮ್ಮೆಲೇ ಕಿರುಚಿದ: "ಸರ್, ಇಲ್ಲಿ ನಮ್ಮ ಕನ್ನಡ ಬರದಾರ್ರೀ!" ನಿಲ್ದಾಣದ ಫಲಕದ ಮೇಲೆ ಕನ್ನಡ ಅಕ್ಷರಗಳಿದ್ದವು. ಹೆಸರೇನೋ ಇಂಗ್ಲಿಷರು ಇಟ್ಟದ್ದೇ. ಆದರೆ ಅಕ್ಷರ ನಮ್ಮದು. ಇಪ್ಪತ್ತೆಂಟು ಮಕ್ಕಳೂ ಆ ಕಡೆಯ ಕಿಟಕಿಗಳಿಗೆ ಮುಗಿಬಿದ್ದು "ಕ್ಯಾ-ಸ-ಲ್-ರಾ-ಕ್" ಎಂದು ಕೂಡಿಯೇ ಓದಿದರು. ಶಾಲೆಯ ಗೋಡೆಗಳ ಹೊರಗೆ, ಸರಕಾರದ ಫಲಕವೊಂದರ ಮೇಲೆ ತಮ್ಮ ಅಕ್ಷರಗಳನ್ನು ಅವರಲ್ಲಿ ಹಲವರು ಎಚ್ಚರಿಕೆಯಿಂದ ನೋಡಿದ್ದು ಅದೇ ಮೊದಲು. ಊರಿನ ಜಾತ್ರೆಗೆ ಅವರು ಇದೇ ದಾರಿಯಲ್ಲಿ ಹೋದವರೇ. ಆದರೆ ಸಾಮಾನ್ಯ ಡಬ್ಬಿಯಲ್ಲಿ, ಚೀಲಗಳ ನಡುವೆ, ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿ.

ಇನ್ನು ಬೆಂಗಳೂರಿನಲ್ಲಿ ನಾವು ಮಾಡಿದ ತಪ್ಪುಗಳನ್ನು ಹೇಳಬೇಕು. ಮುಂದೆ ಕರೆದೊಯ್ಯುವವರಿಗೆ ಪ್ರಯೋಜನಕ್ಕೆ ಬರುವುದು ಅವೇ. ಖರ್ಚು ಉಳಿಸುವ ಹಂಬಲದಲ್ಲಿ ಒಂದೇ ದಿನಕ್ಕೆ ಏಳು ಸ್ಥಳಗಳ ಯಾದಿ ಮಾಡಿದ್ದೆವು. ವಿಧಾನಸೌಧ, ಕಬ್ಬನ್ ಉದ್ಯಾನ, ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯ, ಟಿಪ್ಪುವಿನ ಬೇಸಿಗೆ ಅರಮನೆ, ಬಸವನಗುಡಿಯ ದೊಡ್ಡ ಬಸವ, ಲಾಲ್‌ಬಾಗ್, ಕೊನೆಗೆ ಪೇಟೆ. ಯಾದಿಯನ್ನು ಮಾಡಿದವನು ನಾನೇ; ದೋಷ ಬೇರೆಯವರದಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅರ್ಧ ಮಕ್ಕಳು ನಡೆಯಲಾರದೆ ಕುಳಿತುಬಿಟ್ಟರು. ಟಿಪ್ಪುವಿನ ಅರಮನೆಯ ಮರದ ಕಂಬಗಳಿಗೆ ಒರಗಿ ಇಬ್ಬರು ನಿದ್ದೆ ಹೋದರು. ಇನ್ನೊಂದು ಸಂಗತಿ ನಮಗೆ ಹೊಳೆದೇ ಇರಲಿಲ್ಲ. ಸಮುದ್ರ ತೀರದ ಸೆಕೆಯಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಒಬ್ಬರ ಬಳಿಯೂ ಸ್ವೆಟರ್ ಇರಲಿಲ್ಲ. ಬೆಂಗಳೂರಿನ ಜನವರಿಯ ಬೆಳಗಿನ ಚಳಿಗೆ ಗಡಗಡ ನಡುಗಿದವು. ಎರಡನೆಯ ದಿನ ತಾಯಂದಿರು ಕಟ್ಟಿಕೊಟ್ಟಿದ್ದ ಹೊದಿಕೆಗಳನ್ನೇ ಸುತ್ತಿಕೊಂಡು ಮೆರವಣಿಗೆಯಂತೆ ಬೀದಿಯಲ್ಲಿ ನಡೆದೆವು. ಹೆಣ್ಣುಮಕ್ಕಳ ಶೌಚದ ತೊಂದರೆಯಂತೂ ಹೇಳತೀರದು. ದೊಡ್ಡ ನಗರವೆಂದರೆ ಮಕ್ಕಳಿಗೆ ಮೊದಲು ಅದುವೇ ಕಷ್ಟ. ಇದನ್ನು ಯಾವ ಪ್ರವಾಸ ಪುಸ್ತಕವೂ ಬರೆಯುವುದಿಲ್ಲ.

ಇಷ್ಟರ ಮೇಲೆ ಸಂಜೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ಕಳೆದುಹೋದ. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿದ್ದ ಜಾಗವದು. ಈಗ ಅಲ್ಲಿರುವುದು ಜನರ ಕೆರೆ. ಎಣಿಸಿದಾಗ ಇಪ್ಪತ್ತೇಳೇ ತಲೆಗಳು. ಆ ನಲವತ್ತು ನಿಮಿಷಗಳಲ್ಲಿ ನಾನು ಅನುಭವಿಸಿದ್ದನ್ನು ಬರೆಯಲಾರೆ. ಅವನ ತಾಯಿ ಹೊರಡುವಾಗ ನನ್ನ ಕೈ ಹಿಡಿದು, "ಮಾಸ್ತರ್ರ, ಇರೋನು ಒಬ್ಬನ ಅದಾನ್ರಿ" ಎಂದಿದ್ದಳು. ಆ ಮಾತೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಹುಡುಗ ಸಿಕ್ಕಿದ್ದು ಒಬ್ಬ ಹೂವು ಮಾರುವ ತಾಯಿಯ ಬುಟ್ಟಿಯ ಪಕ್ಕದಲ್ಲಿ, ಕೈಯಲ್ಲಿ ಒಂದು ಬಾಳೆಯ ಹಣ್ಣು ಹಿಡಿದುಕೊಂಡು. ಯಾವೂರೆಂದು ಆಕೆ ಕೇಳಿದಾಗ "ಕುಂಕಳ್ಳಿ" ಎಂದನಂತೆ. ಆಕೆಗೆ ಅದು 'ಕುಣಿಗಲ್ಲು' ಎಂದು ಕೇಳಿಸಿತು. ಕುಣಿಗಲ್ಲಿನ ಬಸ್ಸಿನ ಕಂಡಕ್ಟರನನ್ನು ಕರೆದು, ಈ ಕೂಸನ್ನು ಅದರ ಊರಿಗೆ ಮುಟ್ಟಿಸಪ್ಪಾ ಎಂದು ಆಕೆ ಹೇಳುತ್ತಿದ್ದಾಗಲೇ ನಮ್ಮ ಶಿಕ್ಷಕರೊಬ್ಬರು ಅಲ್ಲಿಗೆ ಓಡಿ ತಲುಪಿದರು. ಇನ್ನೈದು ನಿಮಿಷ ತಡವಾಗಿದ್ದರೆ ನಮ್ಮ ಹುಡುಗ ಕುಣಿಗಲ್ಲಿನ ನಾಗರಿಕನಾಗಿಬಿಡುತ್ತಿದ್ದ! ಇಂದು ನಗುತ್ತೇವೆ. ಅಂದು ನಾನು ವಸತಿಗೃಹಕ್ಕೆ ಹಿಂತಿರುಗಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆನೆಂಬುದನ್ನು ಈ ವರೆಗೆ ಯಾರಿಗೂ ಹೇಳಿರಲಿಲ್ಲ.

ಆದರೂ ಆ ತಾಯಿಯ ಬುಟ್ಟಿಯ ಪಕ್ಕದಲ್ಲಿ ಹುಡುಗ ಅಳದೆ ಕುಳಿತಿದ್ದನಲ್ಲ, ಅದಕ್ಕೆ ಕಾರಣವೇನು? ಆಕೆ ಆಡಿದ್ದು ಅವನ ಮನೆಯ ಮಾತು. ಮಡಗಾಂವಿನಲ್ಲಿ ಕಳೆದುಹೋಗಿದ್ದರೆ ಅವನಿಗೆ ಆ ಧೈರ್ಯ ಇರುತ್ತಿತ್ತೇ? ನನಗೆ ಅನುಮಾನ.

ಹಿಂತಿರುಗಿ ಬಂದ ಮೇಲೆ ಮಕ್ಕಳಿಂದ ಪ್ರಬಂಧ ಬರೆಯಿಸಿದೆ. ನಾವು ಹಣ ಸುರಿದು ತೋರಿಸಿದ ಯಾವುದೂ ಅದರಲ್ಲಿ ಇರಲಿಲ್ಲವೆಂದರೂ ಸಲ್ಲುತ್ತದೆ. ಒಬ್ಬಳು ಎರಡಂತಸ್ತಿನ ಬಸ್ಸಿನ ಮೇಲಂತಸ್ತಿನಲ್ಲಿ ಮುಂದೆ ಕುಳಿತದ್ದನ್ನು ಒಂದೂವರೆ ಪುಟ ಬರೆದಿದ್ದಳು. ಆಗ ಬೆಂಗಳೂರಿನಲ್ಲಿ ಆ ಬಸ್ಸುಗಳು ಓಡುತ್ತಿದ್ದವು. ಹಲವರು ಕಬ್ಬನ್ ಉದ್ಯಾನದ ಬಾಲಭವನದ ಪುಟ್ಟ ರೈಲನ್ನು ಬರೆದಿದ್ದರು. ನಾನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವ ಒಂದು ಹಾಳೆಯಿದೆ. ವಿಧಾನಸೌಧದ ಎದುರು ನಿಂತು ಮಕ್ಕಳು ಅದರ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದ್ದರು: 'ಸರ್ಕಾರದ ಕೆಲಸ ದೇವರ ಕೆಲಸ'. ಗಾರೆ ಕೆಲಸಗಾರನೊಬ್ಬನ ಮಗ ಅಲ್ಲಿಯೇ ನನ್ನನ್ನು ಕೇಳಿದ್ದ: "ಹಂಗಾರ ನಮ್ಮಪ್ಪನ ಕೆಲಸ ಯಾರ ಕೆಲಸರೀ ಸರ್?" ನಾನು ತತ್ತರಿಸಿದೆ. ಆಮೇಲೆ ಹೇಳಿದೆ: ಕೆಂಗಲ್ ಹನುಮಂತಯ್ಯನವರು ಈ ಕಟ್ಟಡವನ್ನು ಕಟ್ಟಿಸಿದರೆಂದು ಪುಸ್ತಕದಲ್ಲಿದೆ, ಆದರೆ 1956ರಲ್ಲಿ ಇದು ಮುಗಿಯುವ ವರೆಗೆ ಇದರ ಕಲ್ಲುಗಳನ್ನು ಕಡೆದು ಹೊತ್ತು ಏರಿಸಿದವರು ಸಾವಿರಾರು ಕಲ್ಲುಕುಟಿಗರು, ಕೂಲಿಕಾರರು, ನಿಮ್ಮಪ್ಪನಂಥವರು. ಹುಡುಗ ಪ್ರಬಂಧದಲ್ಲಿ ಬರೆದದ್ದು ಒಂದೇ ವಾಕ್ಯ: ವಿಧಾನಸೌಧವನ್ನು ನಮ್ಮಪ್ಪನಂಥವರು ಕಟ್ಟಿದ್ದಾರೆ. ಹತ್ತಕ್ಕೆ ಹತ್ತು ಕೊಟ್ಟೆ. ಸಹೋದ್ಯೋಗಿಗಳು ಆಕ್ಷೇಪಿಸಿದರು, ಪ್ರಬಂಧವೆಂದರೆ ಕನಿಷ್ಠ ಹದಿನೈದು ಸಾಲು ಇರಬೇಕಲ್ಲ ಎಂದು.

ಮುಂದೆ ಮುಖ್ಯಾಧ್ಯಾಪಕನಾದ ಮೇಲೆ 1991, 1994 ಮತ್ತು 1999ರಲ್ಲಿ ಮಕ್ಕಳನ್ನು ಕರೆದೊಯ್ದೆ. ತಪ್ಪುಗಳಿಂದ ಕಲಿತು ಯಾದಿಯನ್ನು ಹರಿದುಹಾಕಿದೆ. ಒಂದು ದಿನಕ್ಕೆ ಒಂದೇ ಸ್ಥಳ, ಹೆಚ್ಚೆಂದರೆ ಎರಡು. ಊಟದ ನಂತರ ಒಂದು ತಾಸು ಮರದ ನೆರಳು. ಐದು ಮಕ್ಕಳಿಗೆ ಒಬ್ಬ ಹಿರಿಯರು. ಅವರಲ್ಲಿ ಅರ್ಧದಷ್ಟು ತಾಯಂದಿರೇ ಇರಬೇಕು. ಪ್ರತಿ ಮಗುವಿನ ಕಿಸೆಯಲ್ಲಿ ಹೆಸರು, ಶಾಲೆ, ಉಳಿದ ಸ್ಥಳ, ದೂರವಾಣಿ ಸಂಖ್ಯೆ ಬರೆದ ಚೀಟಿ. ಅದರಲ್ಲಿ ಊರಿನ ಹೆಸರಿನ ಮುಂದೆ 'ಗೋವಾ' ಎಂದು ದಪ್ಪಕ್ಷರದಲ್ಲಿ. ಕುಣಿಗಲ್ಲಿನ ಪಾಠ! ಕೈ ತಪ್ಪಿದರೆ ಹುಡುಕಿಕೊಂಡು ಓಡಬಾರದು, ನಿಂತಲ್ಲಿಯೇ ನಿಲ್ಲಬೇಕು ಎಂಬುದನ್ನು ಒಂದು ವಾರ ಮುಂಚಿನಿಂದ ಶಾಲೆಯ ಮೈದಾನದಲ್ಲಿ ಆಟವಾಗಿ ಆಡಿಸುತ್ತಿದ್ದೆ. ನಮ್ಮ ಮಕ್ಕಳಿಗೆ ಜನಜಂಗುಳಿ ಹೊಸದಲ್ಲ. ಶಿಗ್ಮೋದ ದಿನಗಳಲ್ಲಿ ಫಾತರ್ಪೆಯ ಶಾಂತಾದುರ್ಗಾ ಕುಂಕಳ್ಳೀಕರಣಿಯ ಛತ್ರಿಗಳು ಗುಲಾಲಿನ ಮೋಡದಲ್ಲಿ ಊರಿಗೆ ಬರುವಾಗ ಅವರು ಆ ಜನಸಾಗರದ ಮಧ್ಯದಲ್ಲಿಯೇ ಕುಣಿದವರು. ಆದರೆ ಅಲ್ಲಿ ಪ್ರತಿಯೊಂದು ಓಣಿಯೂ ಅವರಿಗೆ ಗೊತ್ತು.

1994ರಲ್ಲಿ ಒಂದು ಇಡೀ ಬೆಳಗನ್ನು ಲಾಲ್‌ಬಾಗಿನ ಬಂಡೆಯ ಮೇಲೆಯೇ ಕಳೆದೆವು. ಹೈದರ್ ಅಲಿ ಆರಂಭಿಸಿದ ತೋಟ, 1889ರ ಗಾಜಿನ ಮನೆ ಇವೆಲ್ಲವನ್ನು ಹೇಳಿದೆನಾದರೂ ಮಕ್ಕಳ ಮನಸ್ಸು ನಿಂತದ್ದು ಬಂಡೆಯ ಮೇಲೆ. ಮೇಲೆ ಕೆಂಪೇಗೌಡರ ಗೋಪುರ, ಕೆಳಗೆ ಬರಿಗಾಲಿಗೆ ತಣ್ಣಗೆ ತಾಗುವ ಕಲ್ಲು. ಆ ಕಲ್ಲಿಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆಂದೆ. ಮಕ್ಕಳು ಸುಮ್ಮನಾದರು. ಆಮೇಲೆ ತಂದೆ ಕಲ್ಲುಕ್ವಾರಿಯಲ್ಲಿ ದುಡಿಯುತ್ತಿದ್ದ ಒಬ್ಬ ಹುಡುಗಿ ಕೇಳಿದಳು: "ಇದನ್ನ ಯಾರೂ ಜಲ್ಲಿ ಮಾಡ್ಲಿಲ್ಲೇನ್ರೀ ಸರ್?" ಭೂವಿಜ್ಞಾನಿಗಳಿಗೂ ಹೊಳೆಯದ ಪ್ರಶ್ನೆಯೆಂದು ನನಗನಿಸಿತು. ಬೆಂಗಳೂರಿನ ಸುತ್ತಲಿನ ಎಷ್ಟೋ ಬಂಡೆಗಳು ಜಲ್ಲಿಯಾಗಿಯೇ ಆ ನಗರವನ್ನು ಕಟ್ಟಿವೆ. ಇದೊಂದು ತೋಟದೊಳಗೆ ಇದ್ದುದರಿಂದ ಉಳಿಯಿತು ಎಂದು ಉತ್ತರಿಸಿದೆ. ಅಂದು ನಾವು ಬೇರೇನನ್ನೂ ನೋಡಲಿಲ್ಲ. ಬಂಡೆಯ ಮೇಲೆ ಕುಳಿತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅದೇ ನನ್ನ ಜೀವಮಾನದ ಅತ್ಯುತ್ತಮ ಪಾಠವೆಂದು ಇಂದಿಗೂ ತಿಳಿದಿದ್ದೇನೆ.

'ಚಿಕ್ಕ ಮಕ್ಕಳು ಎಲ್ಲವನ್ನೂ ಮರೆಯುತ್ತಾರೆ. ಅವರಿಗೆ ನಗರ ತೋರಿಸುವುದು ನೀರಿನಲ್ಲಿ ಹೋಮ ಮಾಡಿದಂತೆ' ಎಂಬುದು ಹಲವರ ವಾದ. ಪೂರ್ಣ ಸುಳ್ಳೆಂದು ಹೇಳಲಾರೆ. ಮೊದಲ ಪ್ರವಾಸಕ್ಕೆ ಬಂದಿದ್ದ ಒಬ್ಬ ಹಳೆಯ ವಿದ್ಯಾರ್ಥಿ ಈಚೆಗೆ ಸಿಕ್ಕಿ, ತನಗೆ ಬಸ್ಸಿನಲ್ಲಿ ವಾಂತಿಯಾದದ್ದೊಂದೇ ನೆನಪಿದೆಯೆಂದು ನಕ್ಕನು. ಆದರೆ 1994ರ ತಂಡದಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಮುಂದೆ ದಾದಿಯ ತರಬೇತಿಗೆಂದು ಒಬ್ಬಳೇ ಬೆಂಗಳೂರಿಗೆ ಹೋದಳು. ಇಂದು ಅಲ್ಲಿಯೇ ಉದ್ಯೋಗದಲ್ಲಿದ್ದಾಳೆ. ಕಳೆದ ದೀಪಾವಳಿಗೆ ಮನೆಗೆ ಬಂದಾಗ ಹೇಳಿದಳು: "ಮೆಜೆಸ್ಟಿಕ್ಕಿನ್ಯಾಗ ಇಳದಾಗ ಅಂಜಿಕಿ ಆಗಲಿಲ್ರೀ ಸರ್. ಇದನ್ನ ನಾನು ನೋಡೇನಿ ಅನಿಸ್ತು." ಏನನ್ನು ನೋಡಿದ್ದಳೆಂಬುದು ಆಕೆಗೆ ಸ್ಪಷ್ಟವಾಗಿ ನೆನಪಿರಲಿಲ್ಲ. ನೋಡಿದ್ದೇನೆಂಬುದು ನೆನಪಿತ್ತು. 1970ರಲ್ಲಿ ಆ ಮೆಟ್ಟಿಲ ಬಳಿ ನನ್ನಲ್ಲಿ ಇಲ್ಲದೆ ಹೋದದ್ದು ಅದುವೇ.

ಇನ್ನು ನನ್ನದೇ ಮನೆಯ ಮಾತನ್ನು ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗದು. 2019ರ ಡಿಸೆಂಬರಿನಲ್ಲಿ ಏಳು ವರ್ಷದ ಮೊಮ್ಮಗಳನ್ನೂ ಐದು ವರ್ಷದ ಮೊಮ್ಮಗನನ್ನೂ ಬೆಂಗಳೂರಿಗೆ ಕರೆದೊಯ್ದೆ. ಯಶವಂತಪುರದಲ್ಲಿ ಇಳಿದು 'ನಮ್ಮ ಮೆಟ್ರೊ' ಹತ್ತಿದೆವು. 2011ರಲ್ಲಿ ಆರಂಭವಾದ ಆ ಗಾಡಿ ನನ್ನಂಥ ಮುದುಕನಿಗೂ ವಿಸ್ಮಯ. ಕನ್ನಡದಲ್ಲಿ ನಿಲ್ದಾಣದ ಹೆಸರು ಹೇಳುವ ಧ್ವನಿ ಕೇಳಿ ನನಗೆ ಕ್ಯಾಸಲ್ ರಾಕಿನ ನೆನಪಾಯಿತು. ಸಂತೋಷದಿಂದ ಮೊಮ್ಮಗಳಿಗೆ ಫಲಕ ತೋರಿಸಿ, ಓದಮ್ಮಾ ಎಂದೆ. ಆಕೆ ಕೆಳಗಿನ ಇಂಗ್ಲಿಷ್ ಸಾಲನ್ನು ಪಟಪಟನೆ ಓದಿ, ಮೇಲಿನದನ್ನು ತೋರಿಸಿ ಕೇಳಿದಳು: "ಅಜ್ಜಾ, ಅದೇನು ಬರೆದಿದೆ?" ಆಕೆ ಓದುವುದು ಮಡಗಾಂವಿನ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಊರಿನ ನೂರಾರು ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದ ನಾನು ನನ್ನ ಮೊಮ್ಮಗಳಿಗೆ ಕಲಿಸಿರಲಿಲ್ಲ. ಮಗ ಸೊಸೆಯ ತೀರ್ಮಾನದಲ್ಲಿ ತಲೆಹಾಕಬಾರದೆಂಬ ನೆಪ ಹೇಳಿಕೊಂಡು ಸುಮ್ಮನಿದ್ದೆ. ಗಾರೆಯವರ ಮಕ್ಕಳು ಓದಬಲ್ಲ ನಗರದಲ್ಲಿ ಮುಖ್ಯಾಧ್ಯಾಪಕನ ಮೊಮ್ಮಗಳು ನಿರಕ್ಷರಿ!

ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು, ಕಡಲೆಕಾಯಿ ಕಟ್ಟಿಕೊಟ್ಟ ಕಾಗದದ ಹಿಂಬದಿಯಲ್ಲಿ ಆ ತೋಟದ ಹೆಸರನ್ನೇ ಬರೆದು ಮೊದಲ ಪಾಠ ಮಾಡಿದೆ. ಅಂದಿನಿಂದ ರವಿವಾರ ಒಂದು ತಾಸು ನನ್ನದು. ಈಗ ತಡವರಿಸಿಯಾದರೂ ಓದುತ್ತಾಳೆ. ಒತ್ತಕ್ಷರಗಳಲ್ಲಿ ಮಾತ್ರ ಜಗಳವಿದೆ.

ಬೆಂಗಳೂರನ್ನು ನಾನು ಸ್ವರ್ಗವೆಂದು ಬಣ್ಣಿಸುತ್ತಿಲ್ಲ. ಅದೇ ಪ್ರವಾಸದಲ್ಲಿ ನೀರಿನ ಬಾಟಲಿಯನ್ನು ಕನ್ನಡದಲ್ಲಿ ಕೇಳಿದಾಗ ಮೂರು ಅಂಗಡಿಗಳಲ್ಲಿ ಹಿಂದಿಯ ಉತ್ತರ ಬಂದಿತು. ಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕರ್ನಾಟಕ ಸರಕಾರ ಕಾಯಿದೆಯನ್ನು ತಿದ್ದಬೇಕಾಗಿ ಬಂದದ್ದೇ ಅಲ್ಲಿಯ ಸ್ಥಿತಿಯನ್ನು ಹೇಳುತ್ತದೆ. ವಾಹನಗಳ ದಟ್ಟಣೆಯನ್ನು ಹೇಳಬೇಕಾಗಿಯೇ ಇಲ್ಲ. ಮಕ್ಕಳು ಇದನ್ನೂ ಕಾಣಲಿ. ಪರರಾಜ್ಯದಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು, ನಮ್ಮ ರಾಜ್ಯಕ್ಕೆ ಬಂದವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಗೋವಾದಲ್ಲಿ ಬೆಳೆದ ಕನ್ನಡ ಮಗು ಬೆಂಗಳೂರಿನ ಮಗುವಿಗಿಂತ ಬೇಗ ಅರಿತೀತು.

ಗೋವಾದ ಮಕ್ಕಳಿಗೆ ಮುಂಬಯಿಯನ್ನು ಏಕೆ ತೋರಿಸಬಾರದೆಂದು ಕೇಳುವವರಿದ್ದಾರೆ. ತೋರಿಸಬಹುದು, ಅಲ್ಲಿಯ ಮಾಟುಂಗಾದಲ್ಲಿ 1926ರಿಂದ ಮೈಸೂರು ಅಸೋಸಿಯೇಶನ್ ನಡೆಯುತ್ತಿದೆ, ಕನ್ನಡಿಗರಿಗೆ ಅದು ಪರಕೀಯ ನಗರವಲ್ಲ. ಸ್ಥಿತಿವಂತರಾದ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಸಿಂಗಪುರ, ಬ್ಯಾಂಕಾಕುಗಳಿಗೂ ಕರೆದೊಯ್ಯುತ್ತಾರೆ. ಒಬ್ಬರು ಟೋಕಿಯೊದಿಂದ ಹಿಂತಿರುಗಿ, ಅಲ್ಲಿ ಒಂದನೆಯ ತರಗತಿಯ ಮಕ್ಕಳು ಹಳದಿ ಟೋಪಿ ಧರಿಸಿ ತಾವೇ ರೈಲು ಹತ್ತಿ ಶಾಲೆಗೆ ಹೋಗುವುದನ್ನು ಕಂಡೆನೆಂದು ಬೆರಗಾಗಿ ವರ್ಣಿಸಿದರು. ಏಷ್ಯಾದ ಮಹಾನಗರಗಳೆಲ್ಲ ಮಕ್ಕಳನ್ನು ನುಂಗುವ ರಾಕ್ಷಸರಲ್ಲವೆಂಬುದಕ್ಕೆ ಅದು ಸಾಕ್ಷಿ. ಆದರೆ ಅಂಗಡಿಗಳ ಮಾಳಿಗೆಯಿಂದ ಮಾಳಿಗೆಗೆ ಚಲಿಸುವ ಮೆಟ್ಟಿಲುಗಳಲ್ಲಿ ಏರಿಳಿಸಿ ತರುವುದನ್ನೇ ನಗರ ತೋರಿಸುವುದೆಂದು ತಿಳಿದ ತಂದೆತಾಯಿಗಳನ್ನು ಕಂಡು ನನಗೆ ಮರುಕವಾಗುತ್ತದೆ. ನಮ್ಮ ನಾಲ್ಕನೆಯ ಇಯತ್ತೆಯವರಿಗೆ ಮೊದಲ ಮಹಾನಗರ ಬೆಂಗಳೂರೇ ಆಗಬೇಕೆಂಬ ನನ್ನ ಹಟಕ್ಕೆ ಕಾರಣ ಸ್ಪಷ್ಟವಾಗಿದೆ. ಅಲ್ಲಿ ಅವರು ಕೇವಲ ನೋಡುವವರಲ್ಲ, ಓದುವವರು. ಅಲ್ಲಿಯ ಬಸ್ಸಿನ ಮೇಲಿನದನ್ನು, ಗೋಡೆಯ ಮೇಲಿನದನ್ನು, ವಿಧಾನಸೌಧದ ಮೇಲಿನದನ್ನು ಅವರು ಯಾರ ಸಹಾಯವೂ ಇಲ್ಲದೆ ಓದಬಲ್ಲರು.

ಅಪಾಯದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಲವತ್ತು ನಿಮಿಷ ಅದನ್ನು ಅನುಭವಿಸಿದವನು. 1999ರ ನಂತರ ಪ್ರವಾಸ ನಿಂತದ್ದಕ್ಕೂ ಅದೇ ಮುಖ್ಯ ಕಾರಣ. ಶಿಕ್ಷಕರು ಜವಾಬ್ದಾರಿ ಬೇಡವೆಂದರು, ಪಾಲಕರು ಹಿಂಜರಿದರು. ನಾನೂ ದಣಿದಿದ್ದೆ, ಒತ್ತಾಯಿಸಲಿಲ್ಲ. ಆ ಸುಮ್ಮನಿರುವಿಕೆ ನನ್ನ ಸೇವಾವಧಿಯ ದೊಡ್ಡ ಲೋಪವೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಒಮ್ಮೆ ಒಬ್ಬ ತಾಯಿ ತನ್ನ ಮಗಳನ್ನು ಕಳಿಸಲು ಒಪ್ಪದಿದ್ದಾಗ ಆಕೆಯನ್ನು ಮೂಢಳೆಂದು ನಾನು ಜರೆದದ್ದುಂಟು. ಆ ಹುಡುಗಿಗೆ ಉಬ್ಬಸವಿತ್ತೆಂದು ಆಮೇಲೆ ತಿಳಿಯಿತು. ತಾಯಿಗೆ ತಿಳಿದಿದ್ದು ಮಾಸ್ತರನಿಗೆ ತಿಳಿದಿರಲಿಲ್ಲ. ಆದ್ದರಿಂದ ಯಾವ ಪಾಲಕರನ್ನೂ ಒತ್ತಾಯಿಸಬಾರದು, ಅವರನ್ನೂ ಕರೆದೊಯ್ಯಬೇಕು. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಗಳವು. ಜೊತೆಗೆ ಬರುವ ತಾಯಂದಿರ ಕೂಲಿಯನ್ನೂ ನಿಧಿಯಿಂದಲೇ ತುಂಬಿಕೊಡಬೇಕು. ಇದನ್ನು ದಾನವೆಂದು ಕರೆಯಬೇಡಿ, ಮಕ್ಕಳನ್ನು ಕಾಯುವ ಕೆಲಸಕ್ಕೆ ಸಂಬಳವೆಂದು ಕರೆಯಿರಿ.

ಖರ್ಚಿನ ವಿಷಯದಲ್ಲಿ ಎರಡು ಮಾತು. ಹಿರಿಯ ನಾಗರಿಕರಿಗಿದ್ದ ರೈಲ್ವೆ ರಿಯಾಯಿತಿಯನ್ನು 2020ರಲ್ಲಿ ನಿಲ್ಲಿಸಿದರು, ಆದ್ದರಿಂದ ನನ್ನಂಥವರದು ಪೂರ್ಣ ದರ. ವಿದ್ಯಾರ್ಥಿಗಳ ರಿಯಾಯಿತಿಯನ್ನು ಉಳಿಸಿಕೊಂಡಿದ್ದಾರೆ. ಐದರಿಂದ ಹನ್ನೆರಡರ ಒಳಗಿನ ಮಕ್ಕಳಿಗೆ ಮಲಗುವ ಬರ್ತು ಬೇಕಾದರೆ 2016ರಿಂದ ಪೂರ್ಣ ದರ ತೆರಬೇಕಾದುದರಿಂದ, ಶಾಲೆಯ ಮುಖಾಂತರ ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಮುಖ್ಯ. ಯಶವಂತಪುರಕ್ಕೆ ಹೋಗುವ ಈಗಿನ ವಾಸ್ಕೊ ಗಾಡಿ ರಾತ್ರಿಯ ಹೊತ್ತು ಘಟ್ಟ ಹತ್ತುತ್ತದೆ. ಮಕ್ಕಳು ಮಲಗಿರುತ್ತಾರೆ, ದೂಧಸಾಗರವೂ ಇಲ್ಲ, ಫಲಕವೂ ಇಲ್ಲ. ಆದ್ದರಿಂದ ವಾರದ ಕೆಲವು ದಿನ ಬೆಳಗ್ಗೆ ವಾಸ್ಕೊದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಮಡಗಾಂವಿನಿಂದ ಹುಬ್ಬಳ್ಳಿಗೆ ಹೋಗಿ, ಅಲ್ಲಿ ವಿಶ್ರಮಿಸಿ, ರಾತ್ರಿಯ ಗಾಡಿಯಲ್ಲಿ ಬೆಂಗಳೂರು ಸೇರುವುದು ನನ್ನ ಸಲಹೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ ಹೋಗೋಣವೆಂದು ಯುವ ಶಿಕ್ಷಕರೊಬ್ಬರು ಸೂಚಿಸಿದ್ದಾರೆ. ಬೇಡ, ಆ ನೂಕುನುಗ್ಗಲು ದೊಡ್ಡವರಿಗೆ ಚೆನ್ನು.

ಸಮಿತಿಯ ಹಿರಿಯರೊಬ್ಬರು ನನಗೆ ಹೇಳಿದರು: "ಗುರುಗಳೇ, ಕಮಾನಾದರೆ ಐವತ್ತು ವರ್ಷ ನಿಲ್ಲುತ್ತದೆ, ದಾನಿಗಳ ಹೆಸರು ಕೆತ್ತಿಸಬಹುದು. ಪ್ರವಾಸದ ಮೇಲೆ ಯಾರ ಹೆಸರು ಕೆತ್ತಿಸುವುದು?" ಅವರ ಮಾತಿನಲ್ಲಿ ತಥ್ಯವಿದೆ. ಹಣ ಕೊಟ್ಟವನು ತನ್ನ ಹೆಸರನ್ನು ನೋಡಬಯಸುವುದು ತಪ್ಪಲ್ಲ. ಅದಕ್ಕೊಂದು ಉಪಾ��ವನ್ನು ಸೂಚಿಸಿದ್ದೇನೆ. ಮಕ್ಕಳ ಕಿಸೆಯ ಚೀಟಿಯ ಹಿಂಬದಿಯಲ್ಲಿ ಆ ವರ್ಷದ ದಾನಿಯ ಹೆಸರನ್ನು ಬರೆಯಿಸೋಣ. ಮೆಜೆಸ್ಟಿಕ್ಕಿನಲ್ಲಿ ಯಾವುದಾದರೂ ಮಗು ಕೈತಪ್ಪಿದರೆ ಹೂವು ಮಾರುವ ತಾಯಿಯೊಬ್ಬಳು ಅದನ್ನು ಓದಲಿ. ಅವರು ನಕ್ಕರು, ಒಪ್ಪಿದರೆಂದು ಹೇಳಲಾರೆ.

ಬರುವ ಜನವರಿಗೆ ಮೊದಲ ತಂಡ ಹೊರಡುವುದಾದರೆ, ರಿಯಾಯಿತಿಯ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ. ನನ್ನ ಅಕ್ಷರ ಇನ್ನೂ ನಡುಗುವುದಿಲ್ಲ. ಮೊಣಕಾಲಿನ ನೋವಿನಿಂದ ಬೆಂಗಳೂರಿನ ವರೆಗೆ ಬರಲಾರೆ. ಕ್ಯಾಸಲ್ ರಾಕಿನ ವರೆಗೆ ಬಂದು ಅಲ್ಲಿ ಇಳಿದುಬಿಡುತ್ತೇನೆ. ಮಕ್ಕಳೆಲ್ಲರೂ ಸ್ವೆಟರ್ ತೆಗೆದುಕೊಂಡಿದ್ದಾರೆಯೇ ಎಂಬುದನ್ನು ಮಡಗಾಂವಿನಲ್ಲಿಯೇ ನೋಡಿಬಿಡಿ.